ಮಂದ್ರಸ್ವರದ ಪೆಟ್ಟಿಗೆ

ಸಂಜೆಯ ಹೊತ್ತು ಗುಂಡ್ಲುಪೇಟೆಯಲ್ಲಿ ಊಟಿಯ ರಸ್ತೆಯ ಬದಿಗೆ ಸ್ವಲ್ಪ ಕಾಲ ನಿಂತವರಿಗೆ ಒಂದು ಸಂಗತಿ ಅನುಭವಕ್ಕೆ ಬಾರದಿರದು. ಕಾರು ಇನ್ನೂ ತಿರುವಿನಾಚೆಯಲ್ಲಿರುತ್ತದೆ. ಅದರ ಗಾಜುಗಳೆಲ್ಲ ಮುಚ್ಚಿರುತ್ತವೆ. ಒಳಗೆ ಹಾಡುತ್ತಿರುವವರು ಗಂಡಸರೋ ಹೆಂಗಸರೋ, ಹಾಡು ಕನ್ನಡದ್ದೋ ಮಲೆಯಾಳದ್ದೋ ಎಂಬುದೊಂದೂ ತಿಳಿಯುವುದಿಲ್ಲ. ಆದರೆ 'ಧಿಮ್, ಧಿಮ್' ಎಂಬ ಗಂಭೀರವಾದ ಬಡಿತವೊಂದು ಮಾತ್ರ ಮುಂದಾಗಿ ಬಂದು ಎದೆಗೂಡನ್ನು ತಟ್ಟುತ್ತದೆ. ಅಂಗಡಿಯ ಗಾಜಿನ ಭರಣಿಗಳು ಸಣ್ಣಗೆ ನಡುಗುತ್ತವೆ. ಕಾರು ಹಾದುಹೋಗಿ ಮರೆಯಾದ ಮೇಲೂ ಆ ಬಡಿತ ಸ್ವಲ್ಪ ದೂರ ಕೇಳಿಸುತ್ತಲೇ ಇರುತ್ತದೆ.

ಈ ಸದ್ದಿನ ತವರುಮನೆ ಕಾರಿನ ಹಿಂಭಾಗದಲ್ಲಿರುವ ಒಂದು ಮರದ ಪೆಟ್ಟಿಗೆ. ಇಂಗ್ಲಿಷಿನವರು ಇದಕ್ಕೆ ಸಬ್‌ವೂಫರ್ ಎನ್ನುತ್ತಾರೆ. ನಮ್ಮ ಹುಡುಗರ ಬಾಯಲ್ಲಿ ಇದು 'ಬೇಸ್ ಬಾಕ್ಸ್'. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಬರುವ ಬಾಡಿಗೆ ಕಾರುಗಳಲ್ಲಿ, ಮದುವೆಯ ದಿಬ್ಬಣದ ವಾಹನಗಳಲ್ಲಿ, ಮೈಸೂರಿನಿಂದ ಊಟಿಗೆ ಹೊರಟ ಪ್ರವಾಸಿಗಳ ಬಂಡಿಗಳಲ್ಲಿ ಇದನ್ನು ಕಾಣಬಹುದು. ಮನೆಯ ಹಿರಿಯರಿಗೆ ಇದೊಂದು ತಲೆನೋವು, ಕಿರಿಯರಿಗೆ ಪ್ರಾಣ. ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತದವರು: ಇದು ಕೇವಲ ಹೆಚ್ಚಿನ ಸದ್ದಿನ ಯಂತ್ರವೆಂಬುದು. ಈ ಅಭಿಪ್ರಾಯ ತಪ್ಪು. ಪೆಟ್ಟಿಗೆಯ ಗುಟ್ಟು ಬಲದಲ್ಲಿಲ್ಲ, ಅಳತೆಯಲ್ಲಿದೆ. ಆ ಅಳತೆಯನ್ನು ಬಲ್ಲವನಿಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ನಾದ ದೊರೆಯುತ್ತದೆ. ಅದರೊಂದಿಗೆ ಆ ನಾದ ಎಲ್ಲಿಯವರೆಗೆ ಹೋಗಿ ಯಾರನ್ನು ಮುಟ್ಟುತ್ತದೆಂಬ ಅರಿವೂ ದೊರೆಯುತ್ತದೆ.

ಮಂದ್ರವೆಂದರೆ ಎಷ್ಟು?

ಶಬ್ದವೆಂದರೆ ಗಾಳಿಯ ಕಂಪನ. ಸೆಕೆಂಡಿಗೆ ಸುಮಾರು ೨೦ರಿಂದ ೨೦,೦೦೦ದವರೆಗಿನ ಕಂಪನಗಳು ಮನುಷ್ಯನ ಕಿವಿಗೆ ಎಟುಕುತ್ತವೆ. ಈ ಎಣಿಕೆಗೆ ಹರ್ಟ್ಸ್ ಎಂದು ಹೆಸರು. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಒಂದನೆಯ ಮನೆಯ ಶ್ರುತಿಯನ್ನು ಹಿಡಿದ ಗಂಡು ಗಾಯಕನ ಆಧಾರ ಷಡ್ಜ ಸುಮಾರು ೧೩೦ ಹರ್ಟ್ಸ್. ಅವನ ಮಂದ್ರ ಷಡ್ಜ ಅದರ ಅರ್ಧ, ಎಂದರೆ ೬೫. ಇನ್ನೂ ಒಂದು ಸ್ಥಾಯಿ ಇಳಿದರೆ ಅನುಮಂದ್ರ ಷಡ್ಜ. ಅದು ೩೨, ೩೩ರ ಹತ್ತಿರ. ಮನುಷ್ಯಕಂಠ ಅಲ್ಲಿಗೆ ಇಳಿಯುವುದು ಬಹು ವಿರಳ. ಕಾರಿನ ಬೇಸ್ ಬಾಕ್ಸ್ ಕೆಲಸ ಮಾಡುವುದು ಈ ಮಂದ್ರ ಅನುಮಂದ್ರಗಳ ನಡುವಣ ಪ್ರದೇಶದಲ್ಲಿ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೪ ಮೀಟರ್ ಚಲಿಸುತ್ತದೆ. ೩೫ ಹರ್ಟ್ಸಿನ ಸ್ವರದ ಒಂದೊಂದು ಅಲೆಯ ಉದ್ದ, ಆದ್ದರಿಂದ, ಹತ್ತಿರ ಹತ್ತಿರ ೧೦ ಮೀಟರ್. ಒಂದು ಸಾಧಾರಣ ಕಾರಿನ ಎರಡರಷ್ಟಕ್ಕೂ ಮಿಕ್ಕ ಉದ್ದ! ಇಂಥ ದೀರ್ಘವಾದ ಅಲೆಗೆ ಗಾಜು ತಗಡುಗಳ ತಡೆ ಅಷ್ಟಾಗಿ ತಟ್ಟುವುದಿಲ್ಲ. ತಾರಸ್ವರವನ್ನು ತಡೆದು ನಿಲ್ಲಿಸುವ ಗಾಜು, ಸ್ವರ ಇಳಿದಂತೆಲ್ಲ ತನ್ನ ಕಾವಲನ್ನು ಸಡಿಲಿಸುತ್ತ ಹೋಗುತ್ತದೆ. ಹಾಡಿನ ಮಾತು ಕಾರಿನಲ್ಲೇ ಉಳಿದು ಬಡಿತ ಮಾತ್ರ ಬೀದಿಗೆ ಬೀಳುವುದು ಈ ಕಾರಣದಿಂದ.

ಪೆಟ್ಟಿಗೆ ಏಕೆ ಬೇಕು?

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರಿಟ್ಟದ್ದು ಕನ್ನಡಿಗರೆಲ್ಲ ಹೆಮ್ಮೆಯಿಂದ ನೆನೆಯುವ ಸಂಗತಿ. ಆ ಕಾಲದ ರೇಡಿಯೋಗಳನ್ನು ಹಳೆಯ ಮನೆಗಳಲ್ಲಿ ಈಗಲೂ ನೋಡಬಹುದು. ಮುಂದೆ ಚೆಂದದ ಬಟ್ಟೆ, ನುಣುಪಾದ ಮರ. ಹಿಂದೆ ಮಾತ್ರ ತೂತುಗಳುಳ್ಳ ತೆಳುವಾದ ರಟ್ಟು, ಅಥವಾ ಅದೂ ಇಲ್ಲದೆ ಬಯಲು. ಅಂಥ ರೇಡಿಯೋದಲ್ಲಿ ಕೊಳಲು, ಪಿಟೀಲು, ವಾರ್ತೆಯ ಮಾತು ಸ್ಪಷ್ಟವಾಗಿ ಕೇಳುತ್ತಿದ್ದುವು. ಮೃದಂಗದ ಎಡಮುಖದ ಗುಂಕಾರ ಮಾತ್ರ ಬಡಕಲಾಗಿ ಬರುತ್ತಿತ್ತು.

ಕಾರಣ ಸರಳ. ಸ್ಪೀಕರಿನ ಕೋನ್ ಮುಂದಕ್ಕೆ ನುಗ್ಗಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ತೆಳುವಾಗುತ್ತದೆ. ಸ್ವರ ಮೇಲಿನದಾದರೆ ಅಲೆ ಚಿಕ್ಕದು. ಅದು ಮುಂದಕ್ಕೆ ಹೊರಟೇಹೋಗುತ್ತದೆ. ಮಂದ್ರದ ದೀರ್ಘವಾದ ಅಲೆಯಾದರೋ ಸ್ಪೀಕರಿನ ಅಂಚನ್ನು ಬಳಸಿಕೊಂಡು ಹಿಂದಿನದರೊಡನೆ ಸೇರುತ್ತದೆ. ಮುಂದಿನ ಉಬ್ಬು, ಹಿಂದಿನ ತಗ್ಗು, ಎರಡೂ ಕೂಡಿ ಸೊನ್ನೆ. ಸಾಲಕ್ಕೂ ಸಂಪಾದನೆಗೂ ಸರಿಹೋದ ಸಂಸಾರದಂತೆ ಕೊನೆಗೆ ಉಳಿಯುವುದೇನೂ ಇಲ್ಲ.

ಹಿಂದಿನ ಅಲೆಯನ್ನು ಒಂದು ಭದ್ರವಾದ ಪೆಟ್ಟಿಗೆಯಲ್ಲಿ ಮುಚ್ಚಿಬಿಟ್ಟರೆ ಈ ತೊಂದರೆ ತಪ್ಪುತ್ತದೆ. ಇದು ಮುಚ್ಚಿದ ಪೆಟ್ಟಿಗೆ. ಆದರೆ ಸ್ಪೀಕರಿನ ದುಡಿಮೆಯಲ್ಲಿ ಅರ್ಧ ಭಾಗ ಸೆರೆಮನೆಯಲ್ಲಿಯೇ ವ್ಯರ್ಥವಾಯಿತಷ್ಟೆ? ಆ ಹಿಂದಿನ ಅಲೆಯನ್ನು ತಿರುಗಿಸಿ, ಮುಂದಿನದರ ಜೊತೆಗೆ ಹೆಜ್ಜೆ ಹಾಕುವಂತೆ ಮಾಡಿ ಹೊರಕ್ಕೆ ಕರೆತರಲು ಸಾಧ್ಯವೆ ಎಂದು ಯೋಚಿಸಿದವನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಆಲ್ಬರ್ಟ್ ಥುರಾಸ್. ಪೆಟ್ಟಿಗೆಗೆ ಅಳತೆಯ ಬಾಯೊಂದನ್ನು ಇರಿಸುವ ಅವನ ಉಪಾಯಕ್ಕೆ ೧೯೩೨ರಲ್ಲಿ ಪೇಟೆಂಟ್ ದೊರೆಯಿತು. ಇಂದು ಕಾರಿನಲ್ಲಿ ಕಾಣುವ, ಕೊಳವೆಯ ಬಾಯುಳ್ಳ ಪೆಟ್ಟಿಗೆಗಳಿಗೆಲ್ಲ ಅದೇ ಮೂಲಪುರುಷ.

ಸೀಸೆ ಕಲಿಸುವ ಪಾಠ

ಬಾಯಿ ಕಿರಿದಾದ ಒಂದು ಬರಿಯ ಸೀಸೆಯನ್ನು ತುಟಿಯ ಬಳಿ ಹಿಡಿದು ಅದರ ಬಾಯಿಯ ಮೇಲೆ ಅಡ್ಡಲಾಗಿ ಊದಿ ನೋಡಿ. 'ಹೂಂ' ಎಂಬ ಒಂದೇ ಸ್ವರ ಹೊರಡುತ್ತದೆ. ಎಷ್ಟು ಬಲವಾಗಿ ಊದಿದರೂ ಸ್ವರದ ಗಾತ್ರ ಹೆಚ್ಚೀತೇ ವಿನಾ ಸ್ಥಾನ ಬದಲಾಗದು. ಸೀಸೆಗೆ ಅರ್ಧದಷ್ಟು ನೀರು ತುಂಬಿ ಮತ್ತೆ ಊದಿದರೆ ಸ್ವರ ಏರಿರುತ್ತದೆ. ಒಳಗಿನ ಗಾಳಿ ಒಂದು ಸ್ಪ್ರಿಂಗಿನಂತೆ. ಕತ್ತಿನಲ್ಲಿರುವ ಗಾಳಿ ಆ ಸ್ಪ್ರಿಂಗಿಗೆ ತಗುಲಿಸಿದ ತೂಕದಂತೆ. ಸ್ಪ್ರಿಂಗ್ ಸಡಿಲವಾದಷ್ಟೂ, ತೂಕ ಹೆಚ್ಚಿದಷ್ಟೂ ತೂಗಾಟ ನಿಧಾನ. ತೂಗಾಟ ನಿಧಾನವಾದಷ್ಟೂ ಸ್ವರ ಮಂದ್ರ. ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಟೊಳ್ಳುಗೋಳಗಳನ್ನು ಮಾಡಿಸಿ, ಬೆರೆತ ನಾದದಲ್ಲಿ ಯಾವ ಯಾವ ಸ್ವರಗಳಿವೆಯೆಂದು ಅವುಗಳಿಂದ ಬೇರ್ಪಡಿಸಿ ಕೇಳುತ್ತಿದ್ದ. ಸ್ವರಸಂವೇದನೆಯನ್ನು ಕುರಿತ ಅವನ ಮಹಾಗ್ರಂಥ ಪ್ರಕಟವಾದದ್ದು ೧೮೬೩ರಲ್ಲಿ.

ಟೊಳ್ಳಿನಿಂದ ನಾದವನ್ನು ಬೆಳೆಸುವ ಕಲೆ ನಮ್ಮ ನೆಲಕ್ಕೆ ಹೊಸದಲ್ಲ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರ ತಂಬೂರಿಯ ಬುರುಡೆ, ಮಹದೇಶ್ವರನ ದೇವರಗುಡ್ಡರು ಎಡಗೈಯಲ್ಲಿ ಹಿಡಿವ ಬಟ್ಟಲಿನಾಕಾರದ ಕಂಸಾಳೆ, ಕಚೇರಿಯ ಘಟ, ಇವುಗಳಲ್ಲೆಲ್ಲ ಆಕಾರವೇ ನಾದಕ್ಕೆ ಮೈಕೊಡುತ್ತದೆ. ತಂತಿ ಮೀಟುವ ಬೆರಳಿನ ಶಕ್ತಿ ಎಷ್ಟರದು? ಅಷ್ಟು ಅಲ್ಪ ಶಕ್ತಿಯಿಂದ ರಾತ್ರಿಯಿಡೀ ಹಾಡಿನ ಹಿಂದೆ ಶ್ರುತಿ ನಿಲ್ಲುವುದು ಟೊಳ್ಳಿನ ಹದದಿಂದ. ಬೇಸ್ ಬಾಕ್ಸಿನ ಬಡಗಿ ಇವರೆಲ್ಲರ ದಾಯಾದಿ. ಆದರೆ ತಂಬೂರಿಯವನು ತಲೆಮಾರುಗಳ ಅನುಭವದಿಂದ ಹದವನ್ನು ಬಲ್ಲ. ಪೆಟ್ಟಿಗೆಯ ಬಡಗಿಗೆ ಆ ಅನುಭವದ ಸ್ಥಾನದಲ್ಲಿ ಗಣಿತ ಬೇಕು.

ಗಣಿತವನ್ನು ಒದಗಿಸಿದವರು ಇಬ್ಬರು. ಆಸ್ಟ್ರೇಲಿಯದ ನೆವಿಲ್ ಥೀಲ್ ಎಂಬ ಎಂಜಿನಿಯರು ೧೯೬೧ರಲ್ಲಿ ಬಾಯುಳ್ಳ ಪೆಟ್ಟಿಗೆಗಳನ್ನು ಕುರಿತು ಒಂದು ಲೇಖನ ಬರೆದ. ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ ೧೯೭೦ರ ದಶಕದ ಆರಂಭದಲ್ಲಿ ಅದನ್ನು ಬೆಳೆಸಿ ಪೂರ್ಣಗೊಳಿಸಿದ. ಈ ಕಾರಣದಿಂದ ಒಳ್ಳೆಯ ಸ್ಪೀಕರಿನ ಜೊತೆಗೆ ಬರುವ ಕಾಗದದಲ್ಲಿ 'ಥೀಲ್-ಸ್ಮಾಲ್' ಎಂಬ ಶೀರ್ಷಿಕೆಯ ಕೆಳಗೆ ಕೆಲವು ಅಂಕೆಗಳಿರುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಮಡಿಸಿ ಎಸೆಯುವ ಕಾಗದ ಅದು. ಪೆಟ್ಟಿಗೆಯ ಜಾತಕವೆಲ್ಲ ಅದರಲ್ಲೇ ಇದೆ.

ಮುಖ್ಯವಾದ ಅಂಕೆಗಳು ಮೂರು. ಎಫ್.ಎಸ್. ಎಂಬುದು ಸ್ಪೀಕರು ತಾನಾಗಿ ತೂಗಾಡುವ ಕಂಪನಸಂಖ್ಯೆ. ವಿ.ಎ.ಎಸ್. ಎಂಬುದು ಕೋನಿನ ಕಟ್ಟಿನಷ್ಟೇ ಬಿಗಿಯುಳ್ಳ ಗಾಳಿಯ ಪ್ರಮಾಣ. ಕ್ಯೂ.ಟಿ.ಎಸ್. ಎಂಬುದು ಆ ತೂಗಾಟಕ್ಕೆ ಎಷ್ಟು ಲಗಾಮು ಇದೆ ಎಂಬುದರ ಸೂಚಕ. ಅಂಕೆ ಸಣ್ಣದಾದಷ್ಟೂ ಲಗಾಮು ಬಿಗಿ. ಇದು ಸುಮಾರು ೦.೩ರಿಂದ ೦.೫ರ ಒಳಗಿದ್ದರೆ ಆ ಸ್ಪೀಕರಿಗೆ ಬಾಯುಳ್ಳ ಪೆಟ್ಟಿಗೆ ಒಗ್ಗುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಮುಚ್ಚಿದ ಪೆಟ್ಟಿಗೆಯೇ ಲೇಸು. ಎಲ್ಲ ವರನಿಗೂ ಎಲ್ಲ ಕನ್ಯೆಯೂ ಹೊಂದುವುದಿಲ್ಲವಷ್ಟೆ!

ಒಂದು ಲೆಕ್ಕ

ಈಗ ಒಂದು ಪೆಟ್ಟಿಗೆಯನ್ನು ಕಾಗದದ ಮೇಲೆ ಕಟ್ಟಿ ನೋಡೋಣ. ಸ್ಪೀಕರು ಹತ್ತು ಇಂಚಿನದು. ಅದರ ಕಾಗದದ ಪ್ರಕಾರ ೫೦ ಲೀಟರು ಗಾಳಿ, ೩೫ ಹರ್ಟ್ಸಿನ ಶ್ರುತಿ ಬೇಕೆಂದಿಟ್ಟುಕೊಳ್ಳೋಣ. ಬಾಯಿಗೆ ಒಳವ್ಯಾಸ ೧೦ ಸೆಂಟಿಮೀಟರಿನ ಪಿ.ವಿ.ಸಿ. ಕೊಳವೆ, ಮನೆ ಕಟ್ಟುವವರ ಅಂಗಡಿಯಲ್ಲಿ ದೊರೆಯುವಂಥದೇ. ಕೊಳವೆ ಎಷ್ಟು ಉದ್ದವಿರಬೇಕು?

ಶಬ್ದದ ವೇಗವನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು (೩೪,೪೦೦) ೬.೨೮ರಿಂದ ಭಾಗಿಸಿದರೆ ಸುಮಾರು ೫,೪೭೫ ಬರುತ್ತದೆ. ಇದನ್ನು ಬೇಕಾದ ಶ್ರುತಿಯಿಂದ, ಎಂದರೆ ೩೫ರಿಂದ, ಭಾಗಿಸಿದರೆ ೧೫೬.೪. ಇದರ ವರ್ಗ ಸುಮಾರು ೨೪,೪೬೦. ಕೊಳವೆಯ ಬಾಯಿಯ ವಿಸ್ತೀರ್ಣ ೭೮.೫ ಚದರ ಸೆಂಟಿಮೀಟರ್. ಅದರಿಂದ ಗುಣಿಸಿ, ಪೆಟ್ಟಿಗೆಯ ೫೦,೦೦೦ ಘನ ಸೆಂಟಿಮೀಟರಿನಿಂದ ಭಾಗಿಸಿದರೆ ೩೮.೪ ಸೆಂಟಿಮೀಟರ್ ಎಂಬ ಉತ್ತರ. ಆದರೆ ಕೊಳವೆಯ ಎರಡು ತುದಿಗಳ ಹೊರಗೂ ಸ್ವಲ್ಪ ಗಾಳಿ ಅದರ ಜೊತೆಗೇ ಓಲಾಡುತ್ತದೆ. ಅದಕ್ಕಾಗಿ ವ್ಯಾಸದ ಮುಕ್ಕಾಲು ಭಾಗದ ಹತ್ತಿರ, ಇಲ್ಲಿ ೭.೩ ಸೆಂಟಿಮೀಟರ್, ಕಳೆಯಬೇಕು. ಉಳಿದದ್ದು ೩೧ ಸೆಂಟಿಮೀಟರ್. ಕೊಳವೆಯನ್ನು ಇಷ್ಟಕ್ಕೆ ಕೊಯ್ದರಾಯಿತು.

ಇದೇ ಪೆಟ್ಟಿಗೆ, ಇದೇ ಕೊಳವೆಯಲ್ಲಿ ೪೦ ಹರ್ಟ್ಸ್ ಬೇಕೆಂದರೆ ೨೨ ಸೆಂಟಿಮೀಟರ್ ಸಾಕು. ೩೦ ಬೇಕೆಂದರೆ ೪೫ ಬೇಕು. ಹತ್ತು ಹರ್ಟ್ಸಿನ ಅಂತರಕ್ಕೆ ಕೊಳವೆ ಎರಡರಷ್ಟಾಯಿತು. "ತೂತ ಎಲ್ಲಾದ್ರೂವಿ ಒಂದು ಹೊಡುದ್ರಾಯ್ತು ಬುಡಣ್ಣ, ಗಾಳಿ ಆಡುದ್ರೆ ಸಾಕು" ಎನ್ನುವ ಬಡಗಿಯ ಮಾತನ್ನು ಒಪ್ಪಲಾಗದಿರುವುದು ಇದಕ್ಕಾಗಿ. ಅಳತೆ ತಪ್ಪಿದ ತೂತು, ಶ್ರುತಿ ತಪ್ಪಿದ ತಂಬೂರಿ. ಎಲ್ಲೋ ಒಂದು ಸ್ವರದಲ್ಲಿ ಗುಮ್ಮೆಂದು ಮೊಳಗಿ, ಉಳಿದೆಡೆ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಡು ಯಾವುದಾದರೂ ಬಡಿತ ಒಂದೇ ಸ್ವರದಲ್ಲಿ ಕೇಳಿಸಿದರೆ ದೋಷ ಇಲ್ಲಿರಬಹುದೆಂದು ಊಹಿಸಬಹುದು.

ಹಾಗಾದರೆ ಸಣ್ಣ ಕೊಳವೆಯನ್ನೇ ಹಾಕಿ ಉದ್ದವನ್ನು ಉಳಿಸಬಾರದೇಕೆ? ಏಳೂವರೆ ಸೆಂಟಿಮೀಟರ್ ವ್ಯಾಸದ ಕೊಳವೆಯಾದರೆ ೩೫ ಹರ್ಟ್ಸಿಗೆ ೧೬ ಸೆಂಟಿಮೀಟರ್ ಉದ್ದ ಸಾಕೆಂಬುದೇನೋ ನಿಜ. ಆದರೆ ಅಷ್ಟೇ ಗಾಳಿ ಕಿರಿದಾದ ಬಾಯಿಯಲ್ಲಿ ನುಗ್ಗಬೇಕಾಗುತ್ತದೆ. ಅದರ ವೇಗ ಸೆಕೆಂಡಿಗೆ ೧೭ ಮೀಟರನ್ನು ಮೀರಿದರೆ, ಒಡೆದ ತಿದಿಯಂತೆ 'ಬುಸ್ ಬುಸ್' ಎಂಬ ಸದ್ದು ಸಂಗೀತದ ನಡುವೆ ಸೇರಿಕೊಳ್ಳುತ್ತದೆಂದು ತಿಳಿದವರು ಎಚ್ಚರಿಸುತ್ತಾರೆ. ಬಾಯಿ ದೊಡ್ಡದಿರಬೇಕು, ಆದರೆ ಕೊಳವೆ ಪೆಟ್ಟಿಗೆಯೊಳಗೆ ಹಿಡಿಸುವಂತಿರಬೇಕು. ಈ ಎರಡರ ನಡುವಣ ರಾಜಿಯೇ ಈ ಶಿಲ್ಪದ ಸಾರ.

ಬಡಗಿಯ ಕೈ

ಇನ್ನು ಪೆಟ್ಟಿಗೆಯ ಮೈ. ೫೦ ಲೀಟರೆಂದರೆ ಒಳಗೆ ನಿಜವಾಗಿ ಉಳಿಯಬೇಕಾದ ಗಾಳಿ. ಕೊಳವೆ ೩ ಲೀಟರಿನಷ್ಟು ಜಾಗವನ್ನು ನುಂಗುತ್ತದೆ. ಸ್ಪೀಕರಿನ ಹಿಂಭಾಗ ೨ ಲೀಟರು. ಒಳಗಿನ ಊರುಗೋಲು ಪಟ್ಟಿಗಳು ೧ ಲೀಟರು. ಒಟ್ಟು ೫೬ ಲೀಟರಿನ ಪೆಟ್ಟಿಗೆ ಬೇಕು. ಒಳ ಅಳತೆ ಉದ್ದ ೫೦, ಎತ್ತರ ೩೫, ಆಳ ೩೨ ಸೆಂಟಿಮೀಟರ್ ಇಟ್ಟರೆ ಲೆಕ್ಕ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ೧೮ ಮಿಲಿಮೀಟರ್ ದಪ್ಪದ ಹಲಗೆಯಾದರೆ ಹೊರ ಅಳತೆ ಪ್ರತಿಯೊಂದಕ್ಕೂ ೩.೬ ಸೆಂಟಿಮೀಟರ್ ಹೆಚ್ಚು. ಹಲಗೆ ಕೊಯ್ಯುವ ಮೊದಲೇ ಈ ದಪ್ಪವನ್ನು ಸೇರಿಸಿಕೊಳ್ಳಬೇಕು. ಹೊರ ಅಳತೆಯನ್ನೇ ಒಳ ಅಳತೆಯೆಂದು ಭಾವಿಸಿ ಕೊಯ್ದರೆ ಪೆಟ್ಟಿಗೆ ಸುಮಾರು ಕಾಲುಭಾಗ ಕುಗ್ಗಿಹೋಗುತ್ತದೆ, ಅದರೊಂದಿಗೆ ಶ್ರುತಿಯೂ ಏರಿಹೋಗುತ್ತದೆ.

ಸ್ಪೀಕರನ್ನು ಉದ್ದನೆಯ ಮುಖದ ಮೇಲೂ ಕೊಳವೆಯನ್ನು ಪಕ್ಕದ ಚಿಕ್ಕ ಮುಖದ ಮೇಲೂ ಇಡುವುದು ಅನುಕೂಲ. ಆಗ ೩೧ ಸೆಂಟಿಮೀಟರಿನ ಕೊಳವೆ ಪೆಟ್ಟಿಗೆಯ ಉದ್ದಕ್ಕೆ ಆರಾಮವಾಗಿ ಮಲಗುತ್ತದೆ. ಅದರ ಒಳತುದಿಗೂ ಎದುರಿನ ಗೋಡೆಗೂ ನಡುವೆ ಕೊಳವೆಯ ವ್ಯಾಸಕ್ಕಿಂತ ಹೆಚ್ಚಿನ ತೆರಪು ಉಳಿಯುತ್ತದೆ. ಈ ತೆರಪಿಲ್ಲದಿದ್ದರೆ ಕೊಳವೆಗೆ ಉಸಿರು ಕಟ್ಟುತ್ತದೆ. ಕಾರಿನಲ್ಲಿ ಇಟ್ಟ ಮೇಲೂ ಅದರ ಹೊರಬಾಯಿಗೆ ಚೀಲ, ಕಂಬಳಿಗಳನ್ನು ಒತ್ತಿ ಇಡಬಾರದು.

ಹಲಗೆ ಗಟ್ಟಿಯಾಗಿರಬೇಕು, ಭಾರವಾಗಿರಬೇಕು, ತಾನು ನಡುಗಬಾರದು. ಚಾಮರಾಜನಗರದ ಹೆಸರಾಂತ ಕರಿಕಲ್ಲು ಇದಕ್ಕೆ ಬಹು ಯೋಗ್ಯ. ಆದರೆ ಕಲ್ಲಿನ ಪೆಟ್ಟಿಗೆಯನ್ನು ಹೊತ್ತ ಕಾರು ಬೆಟ್ಟ ಹತ್ತಬೇಕಲ್ಲ! ಒಳ್ಳೆಯ ಪ್ಲೈವುಡ್ಡಾಗಲಿ ಎಂ.ಡಿ.ಎಫ್. ಹಲಗೆಯಾಗಲಿ ಸಾಕು. ಮಳೆಗಾಲದ ತೇವಕ್ಕೆ ಪ್ಲೈವುಡ್ ಹೆಚ್ಚು ತಾಳುತ್ತದೆ. ಸಂದುಗಳಿಗೆ ಅಂಟು, ಅಂಟಿನ ಜೊತೆಗೆ ಸ್ಕ್ರೂ, ಒಳಗಿನಿಂದ ಸಿಲಿಕೋನ್ ಮುಲಾಮು. ಎಲ್ಲಿಯೂ ಗಾಳಿ ಸೋರಬಾರದು. ಬಾಯಿ ಇರುವ ಪೆಟ್ಟಿಗೆಗೆ ಸಣ್ಣ ಸೋರಿಕೆಯಿಂದ ಏನು ಹಾನಿಯೆಂದು ಕೇಳಬೇಡಿ. ಬಾಗಿಲು ಬೇರೆ, ಬಿರುಕು ಬೇರೆ.

ಸ್ಪೀಕರು ಸೇರಿ ಈ ಪೆಟ್ಟಿಗೆ ೨೦ ಕಿಲೋಗ್ರಾಮಿನ ಹತ್ತಿರ ತೂಗುತ್ತದೆ. ಇದನ್ನು ಕಾರಿನ ಮೈಗೆ ಪಟ್ಟಿಗಳಿಂದ ಬಿಗಿಯದೆ ಬಿಟ್ಟರೆ, ಹಠಾತ್ತಾಗಿ ಬ್ರೇಕು ಹಾಕಿದಾಗ ಹಿಂದಿನ ಸೀಟಿನ ಮಕ್ಕಳ ಮೇಲೆ ಬಂದು ಬೀಳಬಹುದು. ಹಾಗೆಯೇ ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಎಳೆಯುವ ದಪ್ಪ ತಂತಿಗೆ, ಬ್ಯಾಟರಿಯ ಪಕ್ಕದಲ್ಲಿಯೇ, ಒಂದು ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ತಂತಿ ಎಲ್ಲಾದರೂ ತಗಡಿಗೆ ಉಜ್ಜಿ ಬೆಂಕಿ ಹತ್ತುವ ಅಪಾಯವುಂಟು. ನಾದದ ವಿಷಯದಲ್ಲಿ ಕೈಬಿಡಬಹುದಾದದ್ದು ಹಲವು. ಈ ಎರಡನ್ನು ಮಾತ್ರ ಕೈಬಿಡುವಂತಿಲ್ಲ.

ಕೋನ್ ನಿಂತಾಗ ಕೊಳವೆ ಹಾಡುತ್ತದೆ

ಪೆಟ್ಟಿಗೆ ಸಿದ್ಧವಾಯಿತು. ಶ್ರುತಿ ಸರಿಯಾಗಿದೆಯೆ ಎಂದು ತಿಳಿಯುವ ಬಗೆ ಹೇಗೆ? ಒಂದೊಂದೇ ಶುದ್ಧಸ್ವರವನ್ನು ನುಡಿಸುವ ಸಾಧನಗಳು ಈಗ ಮೊಬೈಲಿನಲ್ಲಿಯೇ ಸಿಗುತ್ತವೆ. ಸಣ್ಣ ಸದ್ದಿನಲ್ಲಿ ೬೦ ಹರ್ಟ್ಸಿನಿಂದ ಆರಂಭಿಸಿ ನಿಧಾನವಾಗಿ ಇಳಿಸುತ್ತ ಕೋನನ್ನೇ ನೋಡುತ್ತಿರಬೇಕು. ಒಂದು ಸ್ಥಾನದಲ್ಲಿ ಕೋನಿನ ಆಟ ಬಹುಮಟ್ಟಿಗೆ ಅಡಗುತ್ತದೆ. ಅದೇ ಸಮಯದಲ್ಲಿ ಕೊಳವೆಯ ಬಾಯಿಗೆ ಅಂಗೈ ಹಿಡಿದರೆ ಗಾಳಿ ರಭಸವಾಗಿ ಬಂದು ಹೋಗುತ್ತಿರುವುದು ತಿಳಿಯುತ್ತದೆ. ಅದೇ ಪೆಟ್ಟಿಗೆಯ ಶ್ರುತಿ. ಅಲ್ಲಿ ಹಾಡುವುದು ಸ್ಪೀಕರಲ್ಲ, ಕೊಳವೆ! ದುಡಿಯುವವನು ಕೈಕಟ್ಟಿ ನಿಂತಂತೆ ಕಾಣುತ್ತಿರುವಾಗಲೇ ಕೆಲಸ ಅತ್ಯಂತ ಚೆನ್ನಾಗಿ ನಡೆಯುವ ಈ ದೃಶ್ಯ ನೋಡತಕ್ಕದ್ದು. ಶ್ರುತಿ ೩೫ಕ್ಕಿಂತ ಮೇಲಿದ್ದರೆ ಕೊಳವೆ ಚಿಕ್ಕದಾಯಿತೆಂದು ಅರ್ಥ. ಕೆಳಗಿದ್ದರೆ ಸ್ವಲ್ಪ ಕೊಯ್ಯಬಹುದು. ಆದ್ದರಿಂದಲೇ ಕೊಳವೆಯನ್ನು ಮೊದಲು ತುಸು ಉದ್ದವಾಗಿಯೇ ಇಡುವುದು ಜಾಣತನ.

ಶ್ರುತಿಗಿಂತ ಇನ್ನೂ ಕೆಳಗಿಳಿಸಿದರೆ ಮಾತ್ರ ಅಪಾಯ. ಆಗ ಕೊಳವೆ ಬರಿಯ ತೂತಾಗಿಬಿಡುತ್ತದೆ. ಒಳಗಿನ ಗಾಳಿಯ ಆಸರೆ ತಪ್ಪಿದ ಕೋನ್ ಲಗಾಮಿಲ್ಲದೆ ಎಗರಾಡಿ ಹರಿದುಹೋಗಬಹುದು. ಮುಚ್ಚಿದ ಪೆಟ್ಟಿಗೆಯ ಧ್ವನಿ ಮಂದ್ರದಲ್ಲಿ ಒಂದೊಂದು ಸ್ಥಾಯಿಗೆ ೧೨ ಡೆಸಿಬೆಲಿನಂತೆ ಇಳಿದರೆ, ಬಾಯುಳ್ಳ ಪೆಟ್ಟಿಗೆಯದು ೨೪ ಡೆಸಿಬೆಲಿನಂತೆ ಕಡಿದಾಗಿ ಬೀಳುತ್ತದೆ. ಆದ್ದರಿಂದ ಆಂಪ್ಲಿಫೈಯರಿನಲ್ಲಿ ತೀರ ಕೆಳಗಿನ ಕಂಪನಗಳನ್ನು ತಡೆಯುವ ಏರ್ಪಾಡಿದ್ದರೆ ಅದನ್ನು ಬಳಸಬೇಕು.

ಕಾರಿಗೆ ಇನ್ನೊಂದು ವಿಶೇಷವಿದೆ. ಕಾರಿನ ಒಳ ಉದ್ದ ಸುಮಾರು ೩ ಮೀಟರೆಂದರೆ, ೫೭ ಹರ್ಟ್ಸಿಗಿಂತ ಕೆಳಗಿನ ಅಲೆಗೆ ಅದರೊಳಗೆ ಅರ್ಧ ಹೆಜ್ಜೆಯಿಡಲೂ ಜಾಗವಿಲ್ಲ. ಆಗ ಇಡೀ ಕಾರಿನ ಗಾಳಿ ಒಟ್ಟಾಗಿ ಹಿಗ್ಗಿ ಕುಗ್ಗತೊಡಗಿ, ಸ್ವರ ಇಳಿದಂತೆ ಒತ್ತಡ ತಾನಾಗಿಯೇ ಏರುತ್ತದೆ. ಪೆಟ್ಟಿಗೆ ಕೈಬಿಡುವ ಕಡೆ ಕಾರು ಕೈಹಿಡಿಯುತ್ತದೆ. ಹೀಗಿರುವಾಗ ಕಾರಿಗೆ ಭಾರಿ ಆಂಪ್ಲಿಫೈಯರೇ ಬೇಕೆಂಬ ಅಂಗಡಿಯವರ ಮಾತನ್ನು ಪೂರ್ಣ ನಂಬಬೇಕಾಗಿಲ್ಲ. ಆಂಪ್ಲಿಫೈಯರಿನ ಶಕ್ತಿಯನ್ನು ಎರಡರಷ್ಟು ಮಾಡಿದರೂ ದೊರೆಯುವ ಲಾಭ ೩ ಡೆಸಿಬೆಲ್ ಮಾತ್ರ. ಅದು ಕಿವಿಗೆ ತಿಳಿಯುವುದು ಸ್ವಲ್ಪವೇ, ಕಿಸೆಗೆ ತಿಳಿಯುವುದು ಬಹಳ.

ಮಾಪಕಕ್ಕೆ ಕೇಳದ ಸದ್ದು

ಇಲ್ಲಿಯವರೆಗೆ ಕಾರಿನ ಒಳಗಿನ ಮಾತಾಯಿತು. ಈಗ ಗಾಜಿನ ಆಚೆಗೆ ಬರೋಣ.

ಭಾರತ ಸರ್ಕಾರ ೨೦೦೦ದಲ್ಲಿ ತಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಆದರೆ ಈ ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. ಮಾಪಕಯಂತ್ರವನ್ನು ಮನುಷ್ಯನ ಕಿವಿಯ ಸ್ವಭಾವಕ್ಕೆ ಹೊಂದಿಸಿರುತ್ತಾರೆ. ನಮ್ಮ ಕಿವಿ ಮಂದ್ರಕ್ಕೆ ಮಂದ. ಆದ್ದರಿಂದ ಯಂತ್ರವೂ ಮಂದ್ರವನ್ನು ಕಳೆದು ಎಣಿಸುತ್ತದೆ. ೩೧.೫ ಹರ್ಟ್ಸಿನ ಸ್ವರದಲ್ಲಿ ಅದು ಕಳೆಯುವುದು ಎಷ್ಟು ಗೊತ್ತೆ? ೩೯ ಡೆಸಿಬೆಲ್! ಎದೆಯನ್ನು ನಡುಗಿಸುವ, ಮಲಗಿದ ಕೂಸನ್ನು ಎಬ್ಬಿಸುವ, ಪಕ್ಕದ ಮನೆಯ ಕಿಟಕಿಯನ್ನು ಗಡಗಡಿಸುವ ಬಡಿತ ಕಾನೂನಿನ ಕಿವಿಗೆ ಬೀಳುವಷ್ಟರಲ್ಲಿ ಬಹುಪಾಲು ಕರಗಿರುತ್ತದೆ. ಹಾಗಾಗಿ ಈ ಸದ್ದಿಗೆ ಲಗಾಮು ಹಾಕುವ ಹೊಣೆ ಪೊಲೀಸರಿಗಿಂತ ಹೆಚ್ಚಾಗಿ ಪೆಟ್ಟಿಗೆಯ ಒಡೆಯನ ಮನಸ್ಸಿಗೆ ಸೇರಿದ್ದು. ಆಸ್ಪತ್ರೆಯ ಮುಂದೆ, ಪರೀಕ್ಷೆಯ ಕಾಲದಲ್ಲಿ ಶಾಲೆಯ ಬದಿಯಲ್ಲಿ, ಸಾವಾದ ಮನೆಯ ಬೀದಿಯಲ್ಲಿ ಗುಬುಟನ್ನು ತಿರುಗಿಸಲು ಯಂತ್ರದ ಅಪ್ಪಣೆ ಬೇಕಿಲ್ಲ.

ಕಾಡಿನ ಮಂದ್ರ

ಗುಂಡ್ಲುಪೇಟೆಯಿಂದ ಮುಂದಕ್ಕೆ ದಾರಿ ಕವಲಾಗುತ್ತದೆ. ಒಂದು ಮೇಲುಕಾಮನಹಳ್ಳಿಯ ತಪಾಸಣೆ ಕಟ್ಟೆಯನ್ನು ದಾಟಿ ಬಂಡೀಪುರದ ಮೂಲಕ ಊಟಿಗೆ. ಇನ್ನೊಂದು ಮದ್ದೂರಿನ ಕಟ್ಟೆಯನ್ನು ದಾಟಿ ಸುಲ್ತಾನ್ ಬತ್ತೇರಿಗೆ. ಎರಡೂ ಕಾಡಿನ ದಾರಿಗಳೇ. ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡುಗಳು ಕೂಡಿದ ಈ ಅರಣ್ಯ ಏಷ್ಯದ ಆನೆಗಳ ಅತಿ ದೊಡ್ಡ ನೆಲೆಯೆಂದು ಪ್ರಸಿದ್ಧ. ಕಾಡುಪ್ರಾಣಿಗಳ ನೆಮ್ಮದಿಗಾಗಿ ಇಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರವನ್ನು ನಿರ್ಬಂಧಿಸುವ ಆಜ್ಞೆ ೨೦೦೯ರಲ್ಲಿ ಬಂತು. ಹಗಲಿನಲ್ಲಾದರೋ ವಾಹನಗಳ ಸಾಲು ತಪ್ಪಿದ್ದಲ್ಲ.

೧೯೮೪ರಲ್ಲಿ ಕ್ಯಾಥರೀನ್ ಪೇನ್ ಎಂಬ ಅಮೆರಿಕದ ಸಂಶೋಧಕಿ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಏಷ್ಯದ ಆನೆಗಳ ಬಳಿ ಕುಳಿತಿದ್ದಳು. ಕಿವಿಗೆ ಏನೂ ಕೇಳಿಸದಿದ್ದರೂ ಗಾಳಿಯಲ್ಲಿ ಏನೋ ಮಿಡಿದಂತೆ ಅವಳಿಗೆ ಅನಿಸಿತು. ಬಾಲ್ಯದಲ್ಲಿ ಚರ್ಚಿನ ಆರ್ಗನ್ ವಾದ್ಯದ ದೊಡ್ಡ ಕೊಳವೆಗಳ ಪಕ್ಕದಲ್ಲಿ ನಿಂತಾಗ ಆದ ಅನುಭವ ಅವಳ ನೆನಪಿಗೆ ಬಂತು. ಬಳಿಕ ಉಪಕರಣಗಳಿಂದ ಪರೀಕ್ಷಿಸಿದಾಗ ನಿಜಸ್ಥಿತಿ ತಿಳಿಯಿತು: ಆನೆಗಳು ೧೪ರಿಂದ ೨೪ ಹರ್ಟ್ಸಿನ ಸ್ವರಗಳಲ್ಲಿ ಪರಸ್ಪರ ಕರೆಯುತ್ತಿದ್ದುವು. ಈ ಫಲಿತಾಂಶ ೧೯೮೬ರಲ್ಲಿ ಪ್ರಕಟವಾಯಿತು. ಆನೆಯ ಕಿವಿ ೧೭ ಹರ್ಟ್ಸಿನವರೆಗೂ ಇಳಿದು ಕೇಳಬಲ್ಲುದೆಂದು ೧೯೮೦ರಲ್ಲಿಯೇ ಇನ್ನೊಂದು ಪರೀಕ್ಷೆ ತೋರಿಸಿಕೊಟ್ಟಿತ್ತು. ಆಫ್ರಿಕದ ಕಾಡಾನೆಗಳಿಗೆ ಧ್ವನಿಮುದ್ರಿತ ಕರೆಗಳನ್ನು ಕೇಳಿಸಿದಾಗ ೨ ಕಿಲೋಮೀಟರ್ ದೂರದಲ್ಲಿದ್ದವೂ ತಲೆಯೆತ್ತಿ ಪ್ರತಿಕ್ರಿಯೆ ತೋರಿಸಿದುವು.

ಮಂದ್ರವನ್ನು ಆನೆ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಗಾಜು ತಗಡುಗಳನ್ನು ಲೆಕ್ಕಿಸದ ದೀರ್ಘವಾದ ಅಲೆ ಗಿಡಮರಗಳನ್ನು ಲೆಕ್ಕಿಸುವುದೆ? ಪೊದೆಗಳ ನಡುವೆ ಒಂದನ್ನೊಂದು ಕಾಣದ ಹಿಂಡಿನ ತಾಯಿ, ಮರಿ, ಅಕ್ಕ ತಂಗಿಯರು ಈ ಸ್ವರದ ಎಳೆಯನ್ನು ಹಿಡಿದುಕೊಂಡೇ ಕೂಡಿ ಬಾಳುತ್ತವೆ. ಆ ಕರೆಗಳ ಮೊದಲನೆಯ ಮೇಲುಸ್ಥಾಯಿ ಬೀಳುವುದು ೨೮ರಿಂದ ೪೮ ಹರ್ಟ್ಸಿನ ನಡುವೆ. ನಾವು ಕಾಗದದ ಮೇಲೆ ಕಟ್ಟಿದ ಪೆಟ್ಟಿಗೆಯ ಶ್ರುತಿ ೩೫. ನಾವು ಸಂಭ್ರಮಕ್ಕಾಗಿ ಅಳೆದು ಕೊಯ್ದು ಹೊಂದಿಸಿದ ಕೊಳವೆ, ತಿಳಿಯದೆಯೇ, ಆನೆಯ ಮನೆಮಾತಿನ ನಡುಮನೆಗೆ ಬಾಯಿ ಇಟ್ಟಂತಾಯಿತು. ಹಾಡಿನ ಮಾತುಗಳು ಕಾರಿನಲ್ಲೇ ಉಳಿದಾವು. ಬಡಿತ ಮಾತ್ರ ಗಾಜು ದಾಟಿ, ಬೇಲಿ ದಾಟಿ, ಲಂಟಾನದ ಪೊದೆ ದಾಟಿ ಹೋಗುತ್ತದೆ.

ಆದ್ದರಿಂದ ಪೆಟ್ಟಿಗೆಯೇ ಬೇಡವೆಂದು ಹೇಳಬೇಕಾಗಿಲ್ಲ. ಮೃದಂಗದ ಗುಂಕಾರವನ್ನು, ತಂಬೂರಿಯ ತುಂಬುನಾದವನ್ನು, ಮಹದೇಶ್ವರನ ಪದಗಳ ಕಂಸಾಳೆಯ ಹಿಂದಿನ ಭಾರವನ್ನು ಕಾರಿನಲ್ಲಿ ಕುಳಿತು ಇದ್ದಂತೆ ಕೇಳಬೇಕೆಂಬ ಆಸೆ ಒಳ್ಳೆಯದೇ. ಅದಕ್ಕೆ ೫೦ ಲೀಟರು ಗಾಳಿ, ೩೧ ಸೆಂಟಿಮೀಟರ್ ಕೊಳವೆ, ಒಬ್ಬ ನಿಷ್ಠೆಯ ಬಡಗಿ, ಸ್ವಲ್ಪ ಗಣಿತ ಸಾಕು. ಆಂಪ್ಲಿಫೈಯರಿನಲ್ಲಿ ಮಂದ್ರಕ್ಕೆಂದೇ ಪ್ರತ್ಯೇಕವಾದ ಗುಬುಟಿರುತ್ತದೆ. ಪೆಟ್ಟಿಗೆ ಕಟ್ಟಿಸುವಾಗಲೇ ಅದರ ತಂತಿಯನ್ನು ಎಳೆಸಿ, ಚಾಲಕನ ಕೈಗೆಟುಕುವ ಕಡೆ ಕೂರಿಸಿಕೊಳ್ಳಬಹುದು. ಮೇಲುಕಾಮನಹಳ್ಳಿಯಲ್ಲೋ ಮದ್ದೂರಿನಲ್ಲೋ ಕಾಡು ಆರಂಭವಾಗುವ ಕಡೆ ಅದನ್ನು ಸೊನ್ನೆಗೆ ತಿರುಗಿಸಿ, ಗಡಿಯಾಚೆ ಊರು ಬಂದ ಮೇಲೆ ಮತ್ತೆ ಏರಿಸಿದರಾಯಿತು. ನಡುವಣ ದಾರಿಯಲ್ಲಿ ಹಾಡು ನಿಲ್ಲುವುದಿಲ್ಲ. ಬಡಿತವೊಂದು ಇರುವುದಿಲ್ಲ, ಅಷ್ಟೆ. ಅಷ್ಟು ಹೊತ್ತು ಆ ಮಂದ್ರಸ್ಥಾಯಿ ಅದರ ಹಳೆಯ ಒಡೆಯರಿಗೆ ಸೇರಿದ್ದು.